ಕೆಂಪು ಪೆಟ್ಟಿಗೆ ಮತ್ತು ನೆಲ್ಲಿ ಬಾಯಿಯ ಬುಟ್ಟಿ

"ನಾನು ಕಾರ್ಖಾನೆಗೆ ಸೇರಿದ್ದು ಬೀಜ ಒಡೆಯಲಿಕ್ಕೆ ಅಲ್ಲ ಮುದ್ದು, ನೀರು ಕೊಡಲಿಕ್ಕೆ. ಮೊದಲು ಹಂಚಿನ ಕಾರ್ಖಾನೆಯಲ್ಲಿ ಇದ್ದೆನಲ್ಲ, ಅಲ್ಲಿ ಅಚ್ಚಿನ ಮೆಷಿನಿಗೆ ಸಿಕ್ಕಿ ಈ ಬಲಗೈಯ ಮೂರು ಬೆರಳು ಬಗ್ಗಿ ಹೋಯ್ತು. ಸುತ್ತಿಗೆ ಹಿಡಿಯಲಿಕ್ಕೆ ಆಗುವುದಿಲ್ಲ. ಆದರೆ ಕೊಡದ ಕಂಠಕ್ಕೆ ಈ ಬೆರಳು ಹೇಳಿ ಮಾಡಿಸಿದ ಹಾಗೆ ಉಂಟು ನೋಡು, ಕೊಕ್ಕೆಯ ಹಾಗೆ.

"ಸುರುವಿಗೆ ಮೂರು ಕೊಡ ಇಟ್ಟಿದ್ದರು. ಒಂದು ನಿಮ್ಮವರಿಗೆ, ಒಂದು ಬ್ಯಾರಿ ಮುಸಲ್ಮಾನ ಹೆಂಗಸರಿಗೆ, ಒಂದು ನಮ್ಮ ಕಿರಿಸ್ತಾನರಿಗೆ. ಬಾವಿ ಒಂದೇ, ಹಗ್ಗ ಒಂದೇ, ಎಳೆಯುವವಳು ನಾನೊಬ್ಬಳೇ. ನಾನು ಎಂತ ಹೇಳ್ಲಿಕ್ಕೂ ಹೋಗ್ಲಿಲ್ಲ. ಮಾರ್ಚಿ ಬರಲಿ ಅಂತ ಸುಮ್ಮನೆ ಇದ್ದೆ. ಮಾರ್ಚಿ ಬಂತು. ಕೆಳಗೆ ಬೀಜ ಹುರಿಯುವ ಬಿಸಿ, ಮೇಲೆ ತಗಡಿನ ಮಾಡಿನ ಬಿಸಿ. ಯಾವ ಕೊಡ ಹತ್ತಿರ ಉಂಟೋ ಅದಕ್ಕೆ ಕೈ ಒಡ್ಡಿದರು. ಆಮೇಲೆ ಯಾವ ಕೊಡ ಯಾರದ್ದು ಅಂತ ನನಗೇ ನೆನಪು ಉಳಿಯಲಿಲ್ಲ.

"ನೀರು ಕೊಡುವವಳಿಗೆ ಒಂದು ಅನುಕೂಲ ಉಂಟು. ಕುಡಿದು ಬಾಯಿ ಒರೆಸಿಕೊಳ್ಳುವಷ್ಟು ಹೊತ್ತು ಯಾರೂ ಬೈಯುವ ಹಾಗಿಲ್ಲ, ಅಷ್ಟು ಹೊತ್ತು ಅವರದ್ದು. ಆಗ ಎಲ್ಲರೂ ಒಂದು ಮಾತು ಹೇಳ್ತಾರೆ. ಕೈ ಉರಿ ಅಂತಾಳೆ ಒಬ್ಬಳು, ಮಗು ಮನೆಯಲ್ಲಿ ಉಂಟು ಅಂತಾಳೆ ಇನ್ನೊಬ್ಬಳು. ನಾನು ಕೇಳಿಸಿಕೊಂಡೆ. ನೀವೆಲ್ಲ ನಾನು ದೊಡ್ಡದು ಎಂತದೋ ಮಾಡಿದೆ ಅಂತ ಹೇಳ್ತೀರಿ. ನಾನು ಎಂತ ಮಾಡಿದ್ದು? ಈ ಕಡೆಯ ಮಾತನ್ನು ಆ ಕಡೆಗೆ ಹೊತ್ತುಕೊಂಡು ಹೋದೆ, ನೀರು ಹೊತ್ತ ಹಾಗೆ. ದಾರಿಯಲ್ಲಿ ಸ್ವಲ್ಪ ಚೆಲ್ಲಿರಬಹುದು. ನಾನಾಗಿ ಸೇರಿಸಲಿಲ್ಲ."

ಇದು ನೆಲ್ಲಿ ಬಾಯಿ ಕುಲಶೇಖರದಲ್ಲಿರುವ ತಮ್ಮ ಮನೆಯ ಜಗಲಿಯಲ್ಲಿ ಕೂತು ನನಗೆ ಹೇಳಿದ ಮಾತು. ಹೇಳಿದ ಹಾಗೆಯೇ ಬರೆದಿದ್ದೇನೆ. ತಾನಾಗಿ ಸೇರಿಸಲಿಲ್ಲ ಎಂದು ಅವರು ಹೇಳಿದ್ದು ಮಾತ್ರ ಪೂರ್ತಿ ನಿಜವಲ್ಲ. ಅದು ಮುಂದೆ ತಿಳಿಯುತ್ತದೆ.

ನಾವಿಬ್ಬರೂ ಹಾಶಿಂ ಸಾಹುಕಾರರ ಗೇರುಬೀಜದ ಕಾರ್ಖಾನೆಯಲ್ಲಿ ಇದ್ದವರು. ನಾನು ದೇರೆಬೈಲಿನಿಂದ ನಡೆದು ಬರುತ್ತಿದ್ದೆ, ಅವರು ಕುಲಶೇಖರದಿಂದ. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಕಾಲ. ಬಂದರಿನ ಕಡೆಗೆ ಇಳಿಯುವ ದಾರಿಯಲ್ಲಿ ಉದ್ದನೆಯ ಶೆಡ್ಡು, ಅದರಲ್ಲಿ ನೂರ ನಲವತ್ತು ಹೆಂಗಸರು. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಹೊಡೆದು, ತಿರುಳು ಮುರಿಯದ ಹಾಗೆ ತೆಗೆಯಬೇಕು. ಸಿಪ್ಪೆಯ ಸೊನೆ ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಪ್ರತಿಯೊಬ್ಬಳ ಪಕ್ಕದಲ್ಲಿ ಒಂದು ತೆಂಗಿನ ಗೆರಟೆಯಲ್ಲಿ ಬೂದಿ ಇರುತ್ತಿತ್ತು. ಬೂದಿ ಹಚ್ಚಿಕೊಳ್ಳುವುದು, ಒಡೆಯುವುದು, ಮತ್ತೆ ಹಚ್ಚಿಕೊಳ್ಳುವುದು. ತಿರುಳು ತಗಡಿನ ಡಬ್ಬಿಯಲ್ಲಿ ತುಂಬಿ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತಂತೆ. ನಾವು ಅದರ ರುಚಿ ನೋಡಿದ್ದು ಮುರಿದ ಚೂರುಗಳಲ್ಲಿ, ಅದೂ ಯಾರೂ ನೋಡದಾಗ.

ನೆಲ್ಲಿ ಬಾಯಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಗಂಡ ಆಂಬ್ರೋಸ್ ಸರಕಿನ ದೋಣಿಯಲ್ಲಿ ಹೋಗುತ್ತಿದ್ದವರು ಜ್ವರ ಹಿಡಿದು ತೀರಿಕೊಂಡಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ನೀರು ಕೊಡುವುದರ ಜೊತೆಗೆ ಸಾಹುಕಾರರ ಕೋಣೆ ಗುಡಿಸಿ ಕಸ ಎಸೆಯುವ ಕೆಲಸವೂ ಅವರದ್ದೇ. ಆ ಬಗ್ಗಿದ ಬೆರಳಿಗೆ ಬೇರೆ ಯಾವ ಕಾರ್ಖಾನೆಯೂ ಕೆಲಸ ಕೊಡುವಂತಿರಲಿಲ್ಲ. ಕೇಳಿ ನೋಡಿ, ಇಲ್ಲ ಎನ್ನಿಸಿಕೊಂಡ ಮೇಲೆಯೇ ಅವರು ಹಾಶಿಂ ಸಾಹುಕಾರರಲ್ಲಿಗೆ ಬಂದದ್ದು.

ಸಾಹುಕಾರರು ಕೆಟ್ಟವರಲ್ಲ. ಬಂದರಿನಲ್ಲಿ ಮೂಟೆ ಹೊತ್ತು ಮೇಲೆ ಬಂದವರು, ದಪ್ಪ ದೇಹ, ಮೆಲ್ಲಗಿನ ಮಾತು. ಆದರೆ ಅವರಿಗೂ ನಮಗೂ ನಡುವೆ ಗುಣಪಾಲ ರೈಟರು ಇದ್ದರು. ಕಾರ್ಖಾನೆಯ ಕಾಗದಪತ್ರ ಎಲ್ಲ ಅವರದು. ಬಿಳಿ ಕೋಟು, ಕೊಡೆ, ಕಿವಿಯ ಮೇಲೆ ಪೆನ್ಸಿಲು. ಹೇಳಬೇಕಾದ್ದನ್ನೆಲ್ಲ ಅವರು ಬರೆದು ಗೇಟಿನ ಬೋರ್ಡಿಗೆ ಅಂಟಿಸುತ್ತಿದ್ದರು. ಚಂದದ ಅಕ್ಷರ. ಒಂದರ ಬಾಲ ಇನ್ನೊಂದರ ತಲೆಗೆ ಸೇರಿ, ಒಣಗಲು ಹಾಕಿದ ಬಲೆಯ ಹಾಗೆ ಕಾಣುತ್ತಿತ್ತು. ನೂರ ನಲವತ್ತು ಮಂದಿಯಲ್ಲಿ ಎರಡನೆಯ ತರಗತಿಯವರೆಗೆ ಹೋದವಳು ನಾನೊಬ್ಬಳು. ನಾನು ಒಂದು ಶಬ್ದ ಕೂಡಿಸುವಷ್ಟರಲ್ಲಿ ಹಿಂದಿನವರು ತಳ್ಳಿ ಒಳಗೆ ಕಳುಹಿಸುತ್ತಿದ್ದರು.

ಒಂದು ಗುರುವಾರ ಕಾಗದ ಅಂಟಿಸಿದರು. ಯಾರೂ ಓದಲಿಲ್ಲ. ಮರುದಿನ ನಾವೆಲ್ಲ ನಡೆದು ಬಂದರೆ ಗೇಟಿಗೆ ಬೀಗ. ಹುರಿಯುವ ಒಲೆ ದುರಸ್ತಿಗೆಂದು ರಜೆ ಕೊಟ್ಟಿದ್ದರು. ಮಾರ್ಗದ ಬದಿಯಲ್ಲಿ ಕೂತು, ತಂದ ಗಂಜಿ ಕುಡಿದು ಹಿಂದೆ ಹೋದೆವು. ಆ ದಾರಿಯಲ್ಲಿ ಕೊಡೆ ಹಿಡಿದುಕೊಂಡು ಬಂದ ರೈಟರು ಕೇಳಿದರು, "ಬೋರ್ಡಿನಲ್ಲಿ ಹಾಕಿದ್ದೆ ಅಲ್ಲ?"

"ಹಾಕಿದ್ದೀರಿ ರೈಟರೇ," ಅಂದಳು ಚಂಪಾ. ನನ್ನ ಪಕ್ಕದಲ್ಲಿ ಕೂರುವವಳು, ನಾಲಗೆ ಸ್ವಲ್ಪ ಉದ್ದ. "ಬೋರ್ಡು ಓದಿರಬೇಕು. ನಾವು ಓದಲಿಲ್ಲ."

ಒಂದು ತಿಂಗಳ ಮೇಲೆ ಮತ್ತೆ ಕಾಗದ. ಈ ಸಲ ಎಲ್ಲರೂ ನನ್ನನ್ನು ಎದುರು ತಳ್ಳಿದರು. ನಾನು ಕಷ್ಟಪಟ್ಟು ಮೊದಲ ಶಬ್ದ ಓದಿದೆ: ನಾಳೆ.

"ನಾಳೆ ಅಂದರೆ ರಜೆ," ಅಂದಳು ಚಂಪಾ. "ಹೋದ ಸಲವೂ ನಾಳೆಯೇ ಇದ್ದದ್ದು."

ನಾನೂ ಹೌದೆಂದೆ. ತಪ್ಪಿನಲ್ಲಿ ಅರ್ಧ ನನ್ನದು. ಮರುದಿನ ನೂರ ನಲವತ್ತು ಹೆಂಗಸರು ಮನೆಯಲ್ಲಿ ಬಟ್ಟೆ ಒಗೆದರು. ಕಾರ್ಖಾನೆಗೆ ಹೋದವರು ನೆಲ್ಲಿ ಬಾಯಿ ಮಾತ್ರ. ಕಾಗದದ ಸುದ್ದಿಗೇ ಹೋಗದೆ, ಎಂದಿನ ಹಾಗೆ ಹೋಗಿ ಮೂರು ಕೊಡ ನೀರು ತುಂಬಿಸಿ ಇಟ್ಟಿದ್ದರು. ಹೊರಸಮುದ್ರದಲ್ಲಿ ಹಡಗು ನಿಂತಿತ್ತು. ಸಾಹುಕಾರರು ಶೆಡ್ಡಿಗೆ ಬಂದು ನೋಡಿದರೆ ಕಲ್ಲುಗಳು, ಸುತ್ತಿಗೆಗಳು, ನೆಲ್ಲಿ ಬಾಯಿ.

"ಎಲ್ಲರೂ ಎಲ್ಲಿ ಬಾಯಿ?"

"ಕಾಗದ ಅಂಟಿಸಿದ್ದೀರಲ್ಲ ಸಾಹುಕಾರ್ರೇ, ಹಾಗಾಗಿ ಬರಲಿಲ್ಲ."

"ಅದು ಬೇಗ ಬರಲಿಕ್ಕೆ ಅಂಟಿಸಿದ್ದು."

"ಹೋದ ಸಲ ಬಂದಾಗ ಗೇಟು ಹಾಕಿತ್ತಲ್ಲ," ಅಂದರಂತೆ ಇವರು. "ನೀರು ಬೇಕಾ? ತುಂಬಾ ಉಂಟು."

ಹಡಗು ನಮ್ಮ ಡಬ್ಬಿಗಳಲ್ಲಿ ಅರ್ಧವನ್ನು ಬಿಟ್ಟು ಹೋಯಿತು. ಸಾಹುಕಾರರು ನಮಗೆ ಬೈಯಲಿಲ್ಲ, ಯೋಚನೆಗೆ ಬಿದ್ದರು. ವ್ಯಾಪಾರದ ಕೆಲಸಕ್ಕೆಂದು ಬೊಂಬಾಯಿಗೆ ಹೋಗಿ ಬಂದರು. ಬರುವಾಗ ಒಂದು ಉಪಾಯ ತಂದರು.

ಅಲ್ಲಿಯ ಒಂದು ಬಟ್ಟೆ ಮಿಲ್ಲಿನ ಬಾಗಿಲಲ್ಲಿ ಅಂಚೆ ಡಬ್ಬಿಯಂಥದ್ದನ್ನು ಇಟ್ಟಿದ್ದರಂತೆ. ಕೆಲಸದವರು ತಮ್ಮ ಕಷ್ಟ ಬರೆದು ಅದರಲ್ಲಿ ಹಾಕುವುದು, ಧಣಿಗಳು ಓದಿ ಸರಿಪಡಿಸುವುದು. ಸಾಹುಕಾರರು ಹಲಸಿನ ಹಲಗೆಯಲ್ಲಿ ಅಂಥದೇ ಪೆಟ್ಟಿಗೆ ಮಾಡಿಸಿ, ಕೆಂಪು ಬಣ್ಣ ಬಳಿಸಿ, ಶೆಡ್ಡಿನ ಬಾಗಿಲಿಗೆ ಹೊಡೆಸಿದರು. ತಾವೇ ನಿಂತು ತುಳುವಿನಲ್ಲಿ ಹೇಳಿದರು. ನಿಮ್ಮ ಕಷ್ಟ ಏನುಂಟೋ ಇದರಲ್ಲಿ ಹಾಕಿ, ಪ್ರತಿ ಶನಿವಾರ ತೆರೆಯುತ್ತೇವೆ, ಯಾರೂ ಹೆದರಬೇಕಾಗಿಲ್ಲ. ರೈಟರು ಚೀಟಿಗಳ ಒಂದು ಕಟ್ಟನ್ನೂ ದಾರ ಕಟ್ಟಿದ ಒಂದು ಪೆನ್ಸಿಲನ್ನೂ ಪಕ್ಕದಲ್ಲಿ ತೂಗುಹಾಕಿದರು. ಪೆನ್ಸಿಲು ಮಧ್ಯಾಹ್ನದೊಳಗೆ ಚಂಪಾಳ ತುರುಬು ಸೇರಿತು.

"ಮತ್ತೆಂತ ಮಾಡುವುದು ಅದರಲ್ಲಿ?" ಅಂದಳು. "ನನಗೆ ಬರೆಯಲಿಕ್ಕೆ ಬರುತ್ತದಾ?"

ಎಲ್ಲರೂ ನನ್ನನ್ನು ನೋಡಿದರು. ನನಗೆ ಆಗ ನನ್ನ ಹೆಸರು ಮಾತ್ರ ಬರೆಯಲು ಬರುತ್ತಿತ್ತು, ಹೆಚ್ಚಿನದ್ದು ಕಲಿತದ್ದು ಆಮೇಲೆ. ಬರಿ ಮುದ್ದು ಎಂದು ಬರೆದು ಹಾಕಿದರೆ ಸಾಹುಕಾರರು ಎಂತ ತಿಳಿದುಕೊಂಡಾರು ಎಂದೆ. ಎಲ್ಲರೂ ನಕ್ಕರು.

ನೆಲ್ಲಿ ಬಾಯಿ ಗಿಂಡಿಯಿಂದ ನೀರು ಹೊಯ್ಯುತ್ತ ನಿಂತವರು ಹೇಳಿದರು, "ಅವರು ಕಷ್ಟ ಹಾಕಿ ಅಂತ ಹೇಳಿದ್ದಲ್ಲವಾ? ಬರೆಯಲಿಕ್ಕೆ ಬಾರದಿದ್ದರೆ ಕಷ್ಟವನ್ನೇ ಹಾಕುವ. ಚಂಪಾ, ನಿನಗೆ ಎಂತ ಕಷ್ಟ?"

"ಬೂದಿಯಲ್ಲಿ ಹೊಯ್ಗೆ ಉಂಟು ಬಾಯಿ. ಸುಟ್ಟ ಕೈಗೆ ಹೊಯ್ಗೆ ತಿಕ್ಕಿದರೆ ಜೀವ ಹೋಗ್ತದೆ."

"ಆಯ್ತಲ್ಲ. ಅದೇ ಬೂದಿ ಒಂದು ಹಿಡಿ ಎಲೆಯಲ್ಲಿ ಕಟ್ಟಿ ಹಾಕು."

ಹಾಗೆ ಶುರುವಾಯಿತು. ಚಂಪಾ ಮರಳು ಬೆರೆತ ಆ ಬೂದಿಯ ಪೊಟ್ಟಣ ಹಾಕಿದಳು. ನಾನು ನನ್ನ ಸುತ್ತಿಗೆಯ ಹಿಡಿಯಿಂದ ಎದ್ದ ಸೀಳು ಮುರಿದು ಹಾಕಿದೆ. ಆ ಸೀಳು ಎರಡು ಸಲ ನನ್ನ ಅಂಗೈಗೆ ಹೊಕ್ಕಿತ್ತು. ಎದುರು ಸಾಲಿನ ರುಖಿಯಾ ಮೊಲೆ ಕುಡಿಯುವ ಮಗುವನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಅವಳು ಮಗುವಿನ ಸೊಂಟದ ಕಪ್ಪು ಉಡಿದಾರ ತಂದು ಹಾಕಿದಳು. ಇನ್ನೊಬ್ಬಳು ಬಂಗುಡೆ ಮೀನಿನ ಮುಳ್ಳು ಹಾಕಿದಳು. ಅದೆಂತಕ್ಕೆ ಎಂದು ನಾವು ಕೇಳಬೇಕಾಗಿರಲಿಲ್ಲ. ಸಾಹುಕಾರರ ಬೆಕ್ಕು ದಿನಾ ಯಾರದ್ದಾದರೂ ಬುತ್ತಿ ಬಿಚ್ಚಿ ಮೀನು ತಿನ್ನುತ್ತಿತ್ತು. ಮೂಲೆಯಲ್ಲಿ ಕೂರುವ ಒಬ್ಬ ಅಜ್ಜಿ ಅರ್ಧ ಅಡಕೆ ಹಾಕಿದರು.

"ನಿಮಗೆಂತ ಕಷ್ಟ ಅಜ್ಜಿ?" ಅಂದೆ.

"ನನಗೆ ಎಂತದೂ ಇಲ್ಲ ಮಗಳೇ. ಎಲ್ಲರೂ ಹಾಕುವಾಗ ನಾನು ಹಾಕದಿದ್ದರೆ ಸರಿಯಾ?"

ಮೊದಲ ಶನಿವಾರ ರೈಟರು ಪೆಟ್ಟಿಗೆಯ ಬೀಗ ತೆಗೆದು ಎಲ್ಲವನ್ನೂ ಒಂದು ಕುಕ್ಕೆಗೆ ಸುರಿದುಕೊಂಡು ಹೋದರು. ನಾವು ಸೋಮವಾರ ಕಾದೆವು. ಬೂದಿಯಲ್ಲಿ ಅದೇ ಹೊಯ್ಗೆ, ಬೆಕ್ಕು ಅದೇ ಬೆಕ್ಕು. ಎರಡನೆಯ ಶನಿವಾರವೂ ಹಾಗೇ. ಸಾಹುಕಾರರು ನೋಡಿಯೂ ನೋಡದ ಹಾಗೆ ಇದ್ದಾರೆ ಎಂದು ಕೆಲವರು ಹೇಳಿದರು. ಕಷ್ಟ ಕೇಳದೇ ಇರುವವರಿಗಿಂತ ಕೇಳಿ ಸುಮ್ಮನಿರುವವರ ಮೇಲೆ ಸಿಟ್ಟು ಹೆಚ್ಚು.

ಮೂರನೆಯ ಶನಿವಾರ ಯಾರೋ ಒದ್ದೆ ಬೂದಿ ಹಾಕಿಬಿಟ್ಟಿದ್ದರು. ಪೆಟ್ಟಿಗೆಗೆ ಕೈ ಹಾಕಿದ ರೈಟರ ಬಿಳಿ ಕೋಟಿನ ತೋಳು ಮೊಣಕೈವರೆಗೆ ಮೆತ್ತಿತು. ಅವರು ಹಾಗೆಯೇ ಕೈ ಎತ್ತಿಕೊಂಡು ಶೆಡ್ಡಿನ ನಡುವೆ ಬಂದು ನಿಂತರು.

"ಮೂರು ವಾರದಿಂದ ಪೆಟ್ಟಿಗೆಯಲ್ಲಿ ಕಸ ತುಂಬಿಸುತ್ತಿದ್ದೀರಿ. ಒಂದು ಚೀಟಿ ಇಲ್ಲ. ಕಾಗದ ಬರಲಿಲ್ಲ, ಯಾರಿಗೂ ಏನೂ ಕಷ್ಟವಿಲ್ಲ ಎಂದು ಸಾಹುಕಾರರಿಗೆ ನಾನು ಹೇಳುತ್ತಿದ್ದೇನೆ. ಈ ತಮಾಷೆ ಶುರು ಮಾಡಿದ್ದು ಯಾರು ಎಂದು ಸೋಮವಾರ ನನಗೆ ಹೆಸರು ಬೇಕು. ಅವಳಿಗೆ ಆಮೇಲೆ ಇಲ್ಲಿ ಕೆಲಸ ಇಲ್ಲ."

ಅವರು ಹೋದ ಮೇಲೆ ಎಲ್ಲರೂ ಸುತ್ತಿಗೆ ಕೆಳಗಿಟ್ಟರು.

"ಕಸವಂತೆ," ಅಂದಳು ಚಂಪಾ. "ಹೆಸರು ಯಾರೂ ಹೇಳಬೇಡಿ. ಸೋಮವಾರ ಮಧ್ಯಾಹ್ನ ಎಲ್ಲರೂ ಎದ್ದು ಬೇರೆ ಕಾರ್ಖಾನೆಗೆ ಹೋಗುವ. ನಮ್ಮನ್ನು ಎಲ್ಲಿ ಹೋದರೂ ತೆಗೆದುಕೊಳ್ತಾರೆ."

ಹೇಳಿ ಮುಗಿಸಿದವಳು ನೆಲ್ಲಿ ಬಾಯಿಯ ಬೆರಳು ನೋಡಿ ನಾಲಗೆ ಕಚ್ಚಿಕೊಂಡಳು. ನಮ್ಮನ್ನು ತೆಗೆದುಕೊಳ್ಳುತ್ತಿದ್ದರು. ಅವರನ್ನಲ್ಲ.

ನೆಲ್ಲಿ ಬಾಯಿಗೆ ಅದರ ಯೋಚನೆ ಇದ್ದ ಹಾಗೆ ಕಾಣಲಿಲ್ಲ. "ಅಂದರೆ ಸಾಹುಕಾರರು ನೋಡಲೇ ಇಲ್ಲ," ಎಂದು ಮೆಲ್ಲಗೆ ಹೇಳಿಕೊಂಡರು. "ನಾನು ಅವರು ನೋಡಿದ ಮೇಲೆ ಎಸೆಯುವುದು ಅಂತ ಗ್ರಹಿಸಿದ್ದೆ ಮಾರಾಯ್ತಿ."

ಆಗ ಗೊತ್ತಾಯಿತು. ಶನಿವಾರ ಕೋಣೆ ಗುಡಿಸುವಾಗ ಕಸದ ಕುಕ್ಕೆಯಲ್ಲಿ ನಮ್ಮ ಸಾಮಾನುಗಳೆಲ್ಲ ಅವರಿಗೆ ಸಿಗುತ್ತಿದ್ದವು. ಎಸೆಯಲು ಮನಸ್ಸಾಗದೆ ಒಂದೊಂದನ್ನೂ ಹೆಕ್ಕಿ, ತೊಳೆಯಬೇಕಾದ್ದನ್ನು ತೊಳೆದು, ಬಾವಿಕಟ್ಟೆಯ ಹಿಂದೆ ಒಂದು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದರು. ಯಾವುದು ಯಾರದ್ದೆಂದು ಅವರಿಗೆ ಬಾಯಿಪಾಠ.

"ಸೋಮವಾರ ಮಧ್ಯಾಹ್ನದವರೆಗೆ ಯಾರೂ ಏಳಬೇಡಿ," ಅಂದರು. "ನಾನು ಒಂದು ಸಲ ಒಳಗೆ ಹೋಗಿ ಬರ್ತೇನೆ."

"ಬಾಯಿ, ಹೋದರೆ ಶುರು ಮಾಡಿದ್ದು ನೀವೇ ಅಂತ ಗೊತ್ತಾಗ್ತದೆ," ಅಂದೆ.

"ಗೊತ್ತಾಗಲಿ. ಹೋಗದಿದ್ದರೆ ನೀವು ನೂರ ನಲವತ್ತು ಜನ ಎದ್ದು ಹೋಗ್ತೀರಿ. ಆಮೇಲೆ ನಾನು ಯಾರಿಗೆ ನೀರು ಕೊಡುವುದು, ಆ ಬೆಕ್ಕಿಗಾ?"

ಸೋಮವಾರ ಬೆಳಿಗ್ಗೆ ಅವರು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೊರಟರು. ನೀರಿನ ಗಿಂಡಿ ನನ್ನ ಕೈಗೆ ಕೊಟ್ಟರು. ಬರಿಗೈಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ, ನೀರು ತಂದವಳನ್ನು ಯಾರೂ ತಡೆಯುವುದಿಲ್ಲ ಎಂದರು. ಹಾಗೆ ನಾನು ಎಲ್ಲವನ್ನೂ ನೋಡಿದೆ.

ಸಾಹುಕಾರರು ಮೇಜಿನ ಹಿಂದೆ ಕೂತಿದ್ದರು, ಬೆಕ್ಕು ಮೇಜಿನ ಮೇಲೆ. ರೈಟರು ಪಕ್ಕದಲ್ಲಿ ನಿಂತು ಕಾಗದಕ್ಕೆ ರುಜು ಹಾಕಿಸುತ್ತಿದ್ದರು. ನೆಲ್ಲಿ ಬಾಯಿ ಬುಟ್ಟಿ ಕೆಳಗಿಳಿಸಿ ಬೂದಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

"ಸಾಹುಕಾರ್ರೇ, ಇದು ಚಂಪಾಳದ್ದು."

"ಇದೇ, ಇದೇ ಕಸ," ಅಂದರು ರೈಟರು. "ನಾನು ಎಸೆದದ್ದು ಮತ್ತೆ ಬಂತು. ಶುರು ಮಾಡಿದ್ದು ನೀನಾ ಬಾಯಿ?"

"ಹೌದು ರೈಟರೇ. ನಾನೇ. ಕೆಲಸ ಬಿಡಿಸುವುದಾದರೆ ಬಿಡಿಸಿ, ಆದರೆ ಬುಟ್ಟಿ ಖಾಲಿ ಆದ ಮೇಲೆ."

ಸಾಹುಕಾರರು ರೈಟರಿಗೆ ಕೈ ತೋರಿಸಿ ಸುಮ್ಮನಿರಿಸಿದರು. "ಬೂದಿ ಯಾಕೆ ಬಾಯಿ?"

"ಅಂಗೈಗೆ ತಿಕ್ಕಿ ನೋಡಿ."

ಅವರು ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದು ತಿಕ್ಕಿದರು. ಒಂದು ಸಲ ತಿಕ್ಕಿ ನಿಲ್ಲಿಸಿದರು. "ಹೊಯ್ಗೆ ಉಂಟಲ್ಲ ಇದರಲ್ಲಿ."

"ನಿಮ್ಮ ಕೈ ಸುಟ್ಟಿಲ್ಲ. ಸುಟ್ಟ ಕೈಗೆ ಹೇಗಾಗ್ತದೆ ಅಂತ ನಾನು ಹೇಳಬೇಕಾಗಿಲ್ಲ."

ಆಮೇಲೆ ನನ್ನ ಸುತ್ತಿಗೆಯ ಸೀಳು ಬಂತು. ಅಂಗೈಯನ್ನೂ ತೋರಿಸು ಎಂದು ನೆಲ್ಲಿ ಬಾಯಿ ನನಗೆ ಹೇಳಿದರು, ತೋರಿಸಿದೆ. ಆಮೇಲೆ ಉಡಿದಾರ. ಸಾಹುಕಾರರು ಅದನ್ನು ಬೆರಳಿನಲ್ಲಿ ಎತ್ತಿ ಹಿಡಿದು, "ಇಷ್ಟು ಸಣ್ಣ ಮಗುವಾ?" ಎಂದು ಕೇಳಿದರು.

"ರುಖಿಯಾಳ ಮಗು. ನಾಲ್ಕು ತಿಂಗಳು. ಮಧ್ಯಾಹ್ನ ಆಗುವಾಗ ಅವಳ ಕುಪ್ಪಸ ಒದ್ದೆಯಾಗ್ತದೆ ಸಾಹುಕಾರ್ರೇ, ಹೇಳ್ಲಿಕ್ಕೆ ಅವಳಿಗೆ ನಾಚಿಕೆ. ನಿಮಗೆ ಮಕ್ಕಳು ಮೊಮ್ಮಕ್ಕಳು ಉಂಟು, ನಿಮಗೆ ಹೇಳಬಹುದು ಅಂತ ನಾನು ಹೇಳಿದೆ."

ರುಖಿಯಾ ಅಷ್ಟೆಲ್ಲ ಹೇಳಿರಲಿಲ್ಲ. ದಾರಿಯಲ್ಲಿ ಏನೂ ಸೇರಿಸಲಿಲ್ಲ ಎಂದರಲ್ಲ, ಸೇರಿಸಿದ್ದು ಇಲ್ಲಿ.

ಮೀನಿನ ಮುಳ್ಳು ಬಂದಾಗ ಬೆಕ್ಕು ಎದ್ದು ಕೂತು ಮೂಸಿತು. ಸಾಹುಕಾರರು ಅದನ್ನು ನೋಡಿದರು, ಮುಳ್ಳನ್ನು ನೋಡಿದರು. "ಇದು ಇದರ ಕೆಲಸವಾ? ನಾನು ಮನೆಯಿಂದ ಮೀನು ತಂದು ಹಾಕ್ತೇನೆ ಇದಕ್ಕೆ. ತಿನ್ನುವುದಿಲ್ಲ, ಇದಕ್ಕೆ ಹಸಿವಿಲ್ಲ ಅಂತ ಗ್ರಹಿಸಿದ್ದೆ."

"ಹಸಿವು ಹೇಗೆ ಇರ್ತದೆ? ನಮ್ಮಲ್ಲಿ ಊಟ ಮುಗಿಸಿ ಇಲ್ಲಿಗೆ ಮಲಗಲಿಕ್ಕೆ ಬರುವುದು ಅದು."

ನಗು ಕಾಣದ ಹಾಗೆ ನಾನು ಗಿಂಡಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ರೈಟರ ಮೀಸೆಯೂ ಸ್ವಲ್ಪ ಅಲ್ಲಾಡಿತು. ಕೊನೆಗೆ ಅಜ್ಜಿಯ ಅರ್ಧ ಅಡಕೆ ಬಂತು.

"ಇದು ಎಂತ ಕಷ್ಟ?"

"ಇದು ಕಷ್ಟ ಅಲ್ಲ. ಎಲ್ಲರೂ ಹಾಕ್ತಾರೆ ಅಂತ ಹಾಕಿದ್ದು. ನೀವು ತಿನ್ನಬಹುದು."

ಸಾಹುಕಾರರು ನಗಲಿಲ್ಲ. ಮೇಜಿನ ಮೇಲಿನ ಸಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು. ಆಮೇಲೆ ರೈಟರ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ನೆಲ್ಲಿ ಬಾಯಿಗೆ ತೋರಿಸಿದರು.

"ಇದರಲ್ಲಿ ಎಂತ ಬರೆದಿದೆ ಬಾಯಿ?"

"ನನಗೆ ಗೊತ್ತಿಲ್ಲ ಸಾಹುಕಾರ್ರೇ."

"ನನಗೂ ಗೊತ್ತಿಲ್ಲ," ಅಂದರು. "ನನ್ನ ಓದು ಮದ್ರಸದಲ್ಲಿ ಮುಗಿಯಿತು. ಅರಬಿ ಅಕ್ಷರದಲ್ಲಿ ನನ್ನ ಹೆಸರು ಹಾಕ್ತೇನೆ, ಅಷ್ಟೇ. ಕನ್ನಡ ಇವರು ಓದಿ ಹೇಳಬೇಕು, ಇಂಗ್ಲಿಷೂ ಇವರೇ ಹೇಳಬೇಕು. ಇವರು ಒಳ್ಳೆಯವರು, ಸರಿಯಾಗಿ ಹೇಳ್ತಾರೆ. ಆ ಗೇಟಿನ ಬೋರ್ಡಿನಲ್ಲಿ ಎಂತ ಇರ್ತದೆ ಅಂತ ನಿಮಗಿಂತ ಹೆಚ್ಚು ನನಗೆ ಗೊತ್ತಿಲ್ಲ."

ರೈಟರು ನೆಲ ನೋಡಿದರು. ಈ ವಿಷಯ ಅವರು ಹತ್ತು ವರ್ಷದಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ನೀವು ನೂರ ನಲವತ್ತು ಕಾಗದ ಬರೆದು ಹಾಕಿದ್ದರೂ ನಾನು ಇವರ ಬಾಯಿಯಿಂದ ಕೇಳಬೇಕಿತ್ತು. ಇದನ್ನಾದರೆ ನಾನೇ ನೋಡಬಹುದು." ಸಾಹುಕಾರರು ಉಡಿದಾರವನ್ನು ಸುತ್ತಿ ನನ್ನ ಕೈಯಲ್ಲಿಟ್ಟರು. "ಇದನ್ನು ಆ ತಾಯಿಗೆ ಕೊಡು. ಗುಣಪಾಲರೇ, ಈ ಬಾಯಿಗೆ ಕೆಲಸ ಇಲ್ಲ ಅಂತ ನೀವು ಹೇಳಿದ್ದಾ?"

"ಹೇಳಿದ್ದೆ," ಅಂದರು ರೈಟರು. ತಮ್ಮ ತೋಳಿನ ಕಲೆ ನೋಡಿಕೊಂಡರು. "ನಾನು ಕಾಗದಕ್ಕೆ ಕಾದಿದ್ದೆ. ಇವು ಮಾತು ಎಂದು ನನಗೆ ಹೊಳೆಯಲಿಲ್ಲ. ಬಾಯಿ ಇರಲಿ. ಇಲ್ಲದಿದ್ದರೆ ಮುಂದಿನ ಶನಿವಾರ ಇದನ್ನೆಲ್ಲ ನನಗೆ ಓದಿ ಹೇಳುವವರು ಯಾರು?"

ಮುಂದಿನ ಶನಿವಾರದಿಂದ ಪೆಟ್ಟಿಗೆಯನ್ನು ಶೆಡ್ಡಿನಲ್ಲೇ ಎಲ್ಲರ ಎದುರು ತೆರೆಯುವ ಕ್ರಮವಾಯಿತು. ನೆಲ್ಲಿ ಬಾಯಿ ಒಂದೊಂದೇ ತೆಗೆದು ಎತ್ತಿ ಹಿಡಿಯುವುದು, ಹಾಕಿದವಳು ಎದ್ದು ಹೇಳುವುದು, ನಾಚಿಕೆಯಾದರೆ ನೆಲ್ಲಿ ಬಾಯಿಯೇ ಹೇಳುವುದು. ಸಾಹುಕಾರರು ಆಗುವುದನ್ನು ಆಗುತ್ತದೆ ಎಂದರು, ಆಗದ್ದನ್ನು ಆಗುವುದಿಲ್ಲ ಎಂದರು. ಬೂದಿಗೆ ಜರಡಿ ಬಂತು. ಸುತ್ತಿಗೆಗಳ ಹಿಡಿ ಹೊಸತಾಯಿತು. ರುಖಿಯಾಳ ಅತ್ತೆ ಮಧ್ಯಾಹ್ನ ಮಗುವನ್ನು ಗೇಟಿಗೆ ತಂದು ಕೊಡಬಹುದು ಎಂದಾಯಿತು. ಬೆಕ್ಕನ್ನು ಬಿಟ್ಟುಕೊಡಲು ಸಾಹುಕಾರರು ಒಪ್ಪಲಿಲ್ಲ. ಅದರ ಬದಲು ಮಾಡಿನಿಂದ ಹಗ್ಗ ಇಳಿಬಿಟ್ಟು ಬುತ್ತಿಗಳನ್ನು ತೂಗುಹಾಕಿಸಿದರು. ಬೆಕ್ಕು ಒಂದು ವಾರ ಕೆಳಗೆ ಕೂತು ಮೇಲೆ ನೋಡಿ, ಆಮೇಲೆ ಸಾಹುಕಾರರ ಮೀನಿಗೇ ಒಗ್ಗಿತು. ಚಂಪಾ ಒಂದು ಸಲ ಹತ್ತಿಯ ಉಂಡೆ ಹಾಕಿದಳು, ಊಟದ ಮೇಲೆ ಸ್ವಲ್ಪ ಮಲಗಲು ಬಿಡಬೇಕೆಂದು. "ಇದು ನನಗೂ ಬೇಕು," ಎಂದು ಸಾಹುಕಾರರು ಅದನ್ನು ಹಿಂದೆ ಕೊಟ್ಟರು.

ಸಾಹುಕಾರರ ಕಡೆಯಿಂದ ಬರುವ ಮಾತೂ ನಮಗೆ ತಿಳಿಯಬೇಕಲ್ಲ. ಅದಕ್ಕೂ ನೆಲ್ಲಿ ಬಾಯಿಯೇ ದಾರಿ ತೋರಿಸಿದರು. ನಾಳೆ ಬೇಗ ಬರಬೇಕಾದರೆ ಬೋರ್ಡಿಗೆ ಒಂದು ಖಾಲಿ ಡಬ್ಬಿ, ರಜೆಯಾದರೆ ಮಾವಿನ ಸೊಪ್ಪು. ಹೆಚ್ಚಿನದ್ದೇನಾದರೂ ಇದ್ದರೆ ರೈಟರು ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದರು, ಪುಸ್ತಕದ ಕನ್ನಡದಲ್ಲಿ. ಅದನ್ನು ನೆಲ್ಲಿ ಬಾಯಿ ತುಳುವಿಗೂ ಕೊಂಕಣಿಗೂ, ರುಖಿಯಾ ಬ್ಯಾರಿ ಮಾತಿಗೂ ತಿರುಗಿಸುತ್ತಿದ್ದರು. ಮೊದಮೊದಲು ರೈಟರಿಗೆ ಸ್ವರ ನಡುಗುತ್ತಿತ್ತು. ಮೂರು ತಿಂಗಳಲ್ಲಿ ಅವರು ಇಳಿಯಲು ಒಪ್ಪದ ಹಾಗಾಯಿತು. ಬೋರ್ಡಿನಲ್ಲೂ ಒಂದು ಸಲ ಮೋಸವಾಯಿತು. ಚಂಪಾ ತಾನೇ ಮಾವಿನ ಸೊಪ್ಪು ಕಟ್ಟಿದಳು, ಎಲ್ಲರೂ ಮನೆಯಲ್ಲಿ ಕೂತರು, ರೈಟರೂ ನೆಲ್ಲಿ ಬಾಯಿಯೂ ಬೆಕ್ಕೂ ಮೂವರೇ ಕಾರ್ಖಾನೆಯಲ್ಲಿದ್ದರು. ಆಮೇಲೆ ಸೊಪ್ಪಿನ ಜೊತೆಗೆ ರೈಟರ ಕರವಸ್ತ್ರವೂ ಇದ್ದರೆ ಮಾತ್ರ ರಜೆ ಎಂದು ಕಾಯಿದೆ ಬಂತು.

ಯುದ್ಧ ಜೋರಾಗಿ ಹಡಗು ಕಡಿಮೆಯಾದಾಗ ಸಾಹುಕಾರರು ಬೋರ್ಡಿಗೆ ಏನೂ ಕಟ್ಟಿಸಲಿಲ್ಲ. ತಾವೇ ಶೆಡ್ಡಿಗೆ ಬಂದು, ಎರಡು ತಿಂಗಳ ಮೇಲೆ ಅರ್ಧ ಮಂದಿಗೆ ಮಾತ್ರ ಕೆಲಸ ಇರಬಹುದು, ಈಗಲೇ ಬೇರೆ ಕಡೆ ನೋಡಿಟ್ಟುಕೊಳ್ಳಿ ಎಂದರು. ಅಷ್ಟು ಮೊದಲೇ ಹೇಳಿದ್ದರಿಂದ ಯಾರೂ ಮಾರ್ಗದ ಬದಿಯಲ್ಲಿ ಕೂರಬೇಕಾಗಲಿಲ್ಲ. ನಾನು ಬೀಡಿ ಕಟ್ಟುವ ಕಡೆ ಹೋದೆ. ನೆಲ್ಲಿ ಬಾಯಿ ಕೊನೆಯವರೆಗೂ ಅಲ್ಲೇ ಇದ್ದರು.

ಕಳೆದ ಬೇಸಿಗೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಮೊದಲಿಗೆ ಬರೆದ ಅವರ ಮಾತೆಲ್ಲ ಆಗ ಹೇಳಿದ್ದು. ಸಾಹುಕಾರರು ಕೊಟ್ಟ ಹಿತ್ತಾಳೆಯ ಕೊಡವೊಂದು ಅವರ ಬಳಿ ಇದೆ. ಮಾತು ಮುಗಿದ ಮೇಲೆ ಅದನ್ನು ಜಗಲಿಯ ಕೆಳಗಿಟ್ಟು, ಹುಣಸೆಹಣ್ಣು ತಂದರು.

"ಒಲೆಯಿಂದ ಸ್ವಲ್ಪ ಬೂದಿ ತಾ ಮುದ್ದು. ಹಾಗೇ ತರಬೇಡ, ಜರಡಿ ಹಿಡಿದು ತಾ."

ನಾನು ಒಲೆಯ ಬದಿಯಲ್ಲಿ ಕೂತು ಜರಡಿ ಹಿಡಿದೆ. ಜರಡಿಯಲ್ಲಿ ಉಳಿದ ಎರಡು ಹರಳನ್ನು ಹೊರಗೆ ಎಸೆದು, ನುಣ್ಣಗಿನ ಬೂದಿಯನ್ನು ಗೆರಟೆಯಲ್ಲಿ ತಂದುಕೊಟ್ಟೆ. ಅವರು ಅಂಗೈಗೆ ಒಂದು ಚಿಟಿಕೆ ತಿಕ್ಕಿ ನೋಡಿದರು. ಆಮೇಲೆ ಬಗ್ಗಿದ ಬೆರಳುಗಳನ್ನು ಕೊಡದ ಕಂಠಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಬೆಳಗತೊಡಗಿದರು.